ಲೋಡರಿನ ಟಯರಿಗೆ ಪಟ್ಟಿ ಹಾಕುವ ಮೊದಲು

ಮೊದಲಿಗೆ ಕ್ಷಮೆ ಇರಲಿ. ನಾನು ಲೋಡರ್ ಓಡಿಸಿದವಳಲ್ಲ. ಸಸಿ ಬೆಳೆಸಿ ಮಾರುವ ತೋಟವೊಂದರಲ್ಲಿ ಸಾಮಾನಿನ ಕೋಣೆ ನೋಡಿಕೊಳ್ಳುವವಳು, ಸಂಜೆ ತರಗತಿಯಲ್ಲಿ ಅಕ್ಷರ ಕಲಿತವಳು. ಯಂತ್ರದ ವಿಷಯವನ್ನು ಯಂತ್ರ ಬಲ್ಲವರೇ ಬರೆಯಲಿ, ನಿನಗೇಕೆ ಈ ಉಸಾಬರಿ ಎಂದು ನೀವು ಕೇಳಿದರೆ ನಾನು ತಲೆ ತಗ್ಗಿಸುತ್ತೇನೆ. ಆದರೆ ಈ ಕಥೆಯಲ್ಲಿ ಬರುವ ತಪ್ಪು ಅಳತೆ ನಾನೇ ತೆಗೆದದ್ದು. ಹಾಗಾಗಿ ಹೇಳದೆ ಇರಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮ ತೋಟದಲ್ಲಿ ಒಂದು ಸ್ಕಿಡ್ ಸ್ಟಿಯರ್ ಲೋಡರ್ ಇದೆ. ಗಿಡ್ಡ ಯಂತ್ರ, ನಾಲ್ಕು ಚಕ್ರ, ಮುಂದೆ ಮಣ್ಣು ತುಂಬುವ ಬಕೆಟ್. ಕಾರಿನ ಹಾಗೆ ಇದರ ಚಕ್ರ ಪಕ್ಕಕ್ಕೆ ತಿರುಗುವುದಿಲ್ಲ. ಒಂದು ಬದಿಯ ಚಕ್ರ ಜೋರಾಗಿ, ಇನ್ನೊಂದು ಬದಿಯದು ನಿಧಾನವಾಗಿ ಉರುಳಿದಾಗ ಇಡೀ ಯಂತ್ರ ಜಾರುತ್ತಾ ತಿರುಗುತ್ತದೆ. ನಾವೆಲ್ಲ ಅದನ್ನು ಗೂಳಿ ಎನ್ನುತ್ತೇವೆ. ಗೂಳಿಯನ್ನು ಓಡಿಸುವವನು ನನ್ನ ಅಣ್ಣ.

ಅಣ್ಣನ ಕೆಲಸ ಹೀಗೆ. ಕೆಳಗಿನ ಗುಂಡಿಯಿಂದ ಜೇಡಿಮಣ್ಣು ತುಂಬಿಕೊಂಡು ಇಳಿಜಾರು ಹತ್ತಬೇಕು. ಮೇಲೆ ಮಣ್ಣು ಕಲಸುವ ಶೆಡ್ ಇದೆ. ಶೆಡ್ಡಿನ ಒಳಗೆ ಹೋಗಿ ಸುರಿಯಬೇಕು. ಇಳಿಜಾರಿನ ಪಕ್ಕದಲ್ಲೇ ಗಿಡಗಳಿಗೆ ನೀರು ಹಿಡಿದಿಡುವ ಆಳವಾದ ಹೊಂಡ. ಶೆಡ್ಡಿನ ನೆಲ ನುಣ್ಣಗೆ ಸಿಮೆಂಟು ಬಳಿದದ್ದು. ಆ ನೆಲದ ತುದಿಯಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಆರು ಜನ ಹೆಂಗಸರು ಕೂತು ಸಸಿ ಚೀಲಕ್ಕೆ ಮಣ್ಣು ತುಂಬುತ್ತಾರೆ. ಅವರಲ್ಲಿ ಒಬ್ಬಳು ನನ್ನ ಅತ್ತಿಗೆ.

ಮಳೆ ಹಿಡಿದ ಮೂರನೆಯ ದಿನ ಅತ್ತಿಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ಅಣ್ಣ ತುಂಬಿದ ಬಕೆಟ್ಟಿನೊಂದಿಗೆ ಇಳಿಜಾರು ಹತ್ತುತ್ತಿದ್ದ. ಅರ್ಧ ದಾರಿಯಲ್ಲಿ ಟಯರುಗಳು ಸುಮ್ಮನೆ ಗರಗರ ಸುತ್ತತೊಡಗಿದವು. ಗೂಳಿ ಹಿಂದಕ್ಕೆ ಜಾರಿತು, ಆಮೇಲೆ ಪಕ್ಕಕ್ಕೆ ಜಾರಿತು. ಹಿಂದಿನ ಚಕ್ರ ಹೊಂಡದ ಅಂಚಿಗೆ ಬಂದು ನಿಂತಿತು. ಅಂಚಿನ ಮಣ್ಣು ಒಂದು ಹಿಡಿಯಷ್ಟು ಉದುರಿ ನೀರಿಗೆ ಬಿದ್ದ ಸದ್ದು ಸಾಮಾನಿನ ಕೋಣೆಯಲ್ಲಿದ್ದ ನನಗೂ ಕೇಳಿತು.

ಅಣ್ಣ ಹೇಗೋ ಮೇಲೆ ಬಂದ. ಗೂಳಿಗೆ ನೀರು ಕುಡಿಯುವ ಆಸೆ ಆಗಿತ್ತು ಅಷ್ಟೇ ಎಂದು ನಗೆಯಾಡಿದ. ಯಾರೂ ನಗಲಿಲ್ಲ. ಅತ್ತಿಗೆ ತನ್ನ ಜಾಗಕ್ಕೆ ಹೋಗಿ ಕೂತಳು. ತುಂಬಿದ್ದ ಚೀಲಕ್ಕೇ ಮತ್ತೆ ಮತ್ತೆ ಮಣ್ಣು ಹಾಕುತ್ತಿದ್ದಳು. ಮಣ್ಣು ಚೆಲ್ಲಿ ಅವಳ ಮಡಿಲೆಲ್ಲ ತುಂಬಿತ್ತು.

ಮರುದಿನ ಅಣ್ಣನೇ ಒಂದು ದಾರಿ ಹುಡುಕಿಕೊಂಡು ಬಂದ. ಕಲ್ಲು ಒಡೆಯುವ ಕಡೆ ಲೋಡರ್ ಓಡಿಸುವ ಅವನ ಗೆಳೆಯನ ಹತ್ತಿರ ಒಂದು ಜೊತೆ ಕಬ್ಬಿಣದ ಟ್ರ್ಯಾಕ್ ಪಟ್ಟಿ ಬಿದ್ದಿತ್ತಂತೆ. ನೋಡದವರಿಗಾಗಿ ಹೇಳುತ್ತೇನೆ: ಇದನ್ನು ಹಾಕಲು ಟಯರ್ ಬಿಚ್ಚಬೇಕಾಗಿಲ್ಲ. ಒಂದು ಬದಿಯ ಎರಡು ಟಯರುಗಳ ಸುತ್ತ ಒಂದು ಪಟ್ಟಿ, ಇನ್ನೊಂದು ಬದಿಗೆ ಇನ್ನೊಂದು. ಕೊಂಡಿ ಕೊಂಡಿಯಾಗಿ ಸೇರಿಸಿದ ದಪ್ಪ ಫಲಕಗಳು. ಭಾರ ಅಗಲಕ್ಕೆ ಹರಡುವುದರಿಂದ ಯಂತ್ರ ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆ, ಹಿಡಿತ ಹೆಚ್ಚು.

ಅತ್ತಿಗೆಗೆ ಹೋದ ಜೀವ ಬಂದಂತಾಯಿತು. "ನಾಳೆಯೇ ಹಾಕಿಸಿ. ಇನ್ನೇನೂ ಯೋಚನೆ ಮಾಡ್ಬೇಡಿ" ಅಂದಳು.

ಅಳತೆ ತೆಗೆದುಕೊಂಡು ಬಾ ಎಂದು ಅಣ್ಣ ನನ್ನನ್ನು ಕಳಿಸಿದ. ಟಯರಿನ ಮೇಲಿನ ಅಂಕಿ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, ಟಯರಿಗೂ ಯಂತ್ರದ ಮೈಗೂ ನಡುವಿನ ಸಂದು. ಗೂಳಿ ಗುಂಡಿಯ ಹತ್ತಿರ ನಿಂತಿತ್ತು. ಬಲಬದಿ ಕೆಸರು, ಹೋಗಲು ಹೇಸಿಗೆಯಾಯಿತು. ಎಡಬದಿಯಲ್ಲೇ ಬಗ್ಗಿ ನೋಡಿದೆ. ಸಂದು ಎರಡು ಬೆರಳಿಗಿಂತ ಹೆಚ್ಚಿತ್ತು. ನಾಲ್ಕೂ ಚಕ್ರ ಒಂದೇ ತಾನೇ ಅಂದುಕೊಂಡು ಅದನ್ನೇ ನಾಲ್ಕಕ್ಕೂ ಬರೆದೆ. ಅಕ್ಷರ ಚೆನ್ನಾಗಿ ಬಂತು ಎಂದು ಒಳಗೊಳಗೇ ಹೆಮ್ಮೆಪಟ್ಟೆ ಕೂಡ.

ಪಟ್ಟಿ ಹಾಕಲು ಉದ್ದನೆಯ ಹಾರೆ ಬೇಕಿತ್ತು. ಕೇಳಲು ಟಯರ್ ಅಂಗಡಿಗೆ ಹೋದೆ. ಆ ಅಂಗಡಿಯವನನ್ನು ಎಲ್ಲರೂ ಗಾಳಿ ಮಾವ ಎನ್ನುತ್ತಾರೆ. ಮೊದಲು ದೊಡ್ಡ ರಸ್ತೆ ಕೆಲಸಗಳಲ್ಲಿ ಯಂತ್ರಗಳಿಗೆ ಪಟ್ಟಿ ಹಾಕುತ್ತಿದ್ದವನು. ಹಾರೆ ಯಾತಕ್ಕೆ ಎಂದು ಕೇಳಿದ. ಹೇಳಿದೆ. ಆಮೇಲೆ ಅವನು ಕೇಳಿದ ಒಂದು ಪ್ರಶ್ನೆಗೂ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ದಿನಕ್ಕೆ ಎಷ್ಟು ಹೊತ್ತು ಕೆಸರಲ್ಲಿ, ಎಷ್ಟು ಹೊತ್ತು ಸಿಮೆಂಟಿನ ಮೇಲೆ? ನಾಲ್ಕೂ ಟಯರ್ ಒಂದೇ ಜಾತಿಯವಾ? ಅಳತೆ ತೆಗೆದಾಗ ಗಾಳಿ ಎಷ್ಟಿತ್ತು?

ಗಾಳಿಯ ಮಾತು ಬಂದಾಗ ನನ್ನ ತಪ್ಪು ಹೊಳೆಯಿತು. ಮಳೆ ಬಂದರೆ ಅಣ್ಣ ಟಯರಿನ ಗಾಳಿಯನ್ನು ಅರ್ಧ ಇಳಿಸುತ್ತಾನೆ. ನಮ್ಮ ಕಡೆಯ ಚಾಲಕರೆಲ್ಲ ಹಾಗೇ ಮಾಡುತ್ತಾರೆ. ಮೆತ್ತಗಿನ ಟಯರು ಕೆಸರನ್ನು ಹಿಡಿಯುತ್ತದೆ ಎಂಬ ಲೆಕ್ಕ. ನಾನು ಅಳೆದದ್ದು ಆ ಮೆತ್ತಗಿನ ಟಯರನ್ನೇ.

ಮಾವ ಅಂಗಡಿಯ ಬಾಗಿಲು ಎಳೆದುಕೊಂಡು ನನ್ನ ಜೊತೆಗೇ ಹೊರಟುಬಂದ. ಕೈಚೀಲದಲ್ಲಿ ಹಳೆಯ ಪಟ್ಟಿಯ ಎರಡು ತುಂಡು ಹಾಕಿಕೊಂಡಿದ್ದ. ಒಂದು ಬರೀ ಕಬ್ಬಿಣ, ಇನ್ನೊಂದಕ್ಕೆ ತಳದಲ್ಲಿ ದಪ್ಪ ರಬ್ಬರು.

ಅಣ್ಣನಿಗೆ ಅವನನ್ನು ನೋಡಿಯೇ ಸಿಟ್ಟು ಬಂತು. "ಪಟ್ಟಿ ಅಂದ್ರೆ ಪಟ್ಟಿ, ಮಾವ. ಚಪ್ಪಲಿ ಆರಿಸಿದ ಹಾಗೆ ಆರಿಸ್ತಾ ಕೂತ್ರೆ, ಅಷ್ಟರಲ್ಲಿ ನಾನು ಹೊಂಡದೊಳಗಿರ್ತೀನಿ."

"ಚಪ್ಪಲಿ ಕಚ್ಚಿದ್ರೆ ನಿನ್ನ ಕಾಲಿಗೆ ಗುಳ್ಳೆ ಬರುತ್ತೆ" ಅಂದ ಮಾವ. "ಇದು ಕಚ್ಚಿದ್ರೆ ಯಾರಿಗೆ ಏನಾಗುತ್ತೆ ಅಂತ ನೋಡೋಣ ಬಾ."

ಶೆಡ್ಡಿನೊಳಗೆ ಹೋದೆವು. ಮಳೆಗಾಲದಲ್ಲಿ ಆ ನೆಲ ಯಾವಾಗಲೂ ಒದ್ದೆ. ಗೂಳಿಯೇ ಕೆಸರು ಹೊತ್ತು ತರುತ್ತದೆ. ಮಾವ ಕಬ್ಬಿಣದ ತುಂಡನ್ನು ನೆಲದ ಮೇಲಿಟ್ಟು ಅದರ ಮೇಲೆ ನಿಂತ. ಪಕ್ಕದ ಕಂಬವನ್ನು ಕೈಯಿಂದ ಮೆಲ್ಲಗೆ ತಳ್ಳಿದ. ಸರ್ರನೆ ಒಂದು ಮಾರು ಹಿಂದಕ್ಕೆ ಹೋದ. ಅಣ್ಣ ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದ. ಆಮೇಲೆ ರಬ್ಬರಿನ ತುಂಡಿನ ಮೇಲೆ ನಿಂತು ಹಾಗೆಯೇ ತಳ್ಳಿದ. ಅದು ಕದಲಲಿಲ್ಲ.

ಕೆಸರಿನಲ್ಲಿ ಕಬ್ಬಿಣಕ್ಕೆ ಸಾಟಿಯಿಲ್ಲ, ಅದನ್ನು ತಾನು ಅಲ್ಲಗಳೆಯುವುದಿಲ್ಲ ಎಂದು ಮಾವ ಹೇಳಿದ. ಕಲ್ಲು, ಕಟ್ಟಡ ಒಡೆದ ತುಂಡು, ಬರೀ ಜೇಡಿ ಇರುವ ಕಡೆ ಕಬ್ಬಿಣವೇ ಬೇಕು. ಆದರೆ ನುಣುಪು ನೆಲದಲ್ಲಿ ಅದು ಹಿಡಿಯುವುದಿಲ್ಲ, ನೆಲವನ್ನೂ ಕೆರೆದು ಹಾಕುತ್ತದೆ. ರಬ್ಬರು ಕೆಸರಿನಲ್ಲಿ ಕಬ್ಬಿಣದಷ್ಟು ಗಟ್ಟಿಗನಲ್ಲ. ಅದರ ಗೀರುಗಳಲ್ಲಿ ಜೇಡಿ ಮೆತ್ತಿಕೊಂಡರೆ ಅದೂ ಜಾರುತ್ತದೆ, ಕೆರೆದು ತೆಗೆಯುತ್ತಿರಬೇಕು. ಆದರೆ ಎರಡೂ ಕಡೆ ಓಡಾಡುವ ಯಂತ್ರಕ್ಕೆ ಅದೇ ವಾಸಿ.

ಅಣ್ಣ ಸೋಲಲಿಲ್ಲ. ಶೆಡ್ಡಿನೊಳಗೆ ಬಂದರೆ ತಾನೇ ಜಾರುವುದು, ಬಾಗಿಲಲ್ಲೇ ಮಣ್ಣು ಸುರಿದು ಹೋಗುತ್ತೇನೆ ಎಂದ. ಹಾಗಾದರೆ ಕಬ್ಬಿಣವೇ ಹಾಕಿಕೋ, ಅದೂ ಒಂದು ದಾರಿಯೇ ಎಂದು ಮಾವ ಒಪ್ಪಿದ. ಬಾಗಿಲಿಂದ ಒಳಕ್ಕೆ ಆ ಮಣ್ಣನ್ನು ಯಾರು ಹೊರುವವರು ಎಂದು ಮಾತ್ರ ಕೇಳಿದ. ದಿನಕ್ಕೆ ನಲವತ್ತು ಬಕೆಟ್ಟು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅತ್ತಿಗೆ ಎದ್ದು, ಗೂಳಿ ಮಣ್ಣು ಸುರಿದು ತಿರುಗುವ ಜಾಗಕ್ಕೆ ಹೋಗಿ ನಿಂತಳು. ಅಲ್ಲಿಂದ ತನ್ನ ಮಣೆಯವರೆಗೆ ಹೆಜ್ಜೆ ಹಾಕುತ್ತಾ ಎಣಿಸಿದಳು. ಎಂಟು ಹೆಜ್ಜೆ.

"ನಿಮ್ಮನ್ನ ಉಳಿಸ್ಕೊಳ್ಳೋಣ ಅಂತ ನಾನೇ ಹಾಕಿಸಿ ಅಂದೆ ಕಣ್ರೀ" ಅಂದಳು. "ಎಂಟು ಹೆಜ್ಜೆ. ನಾವು ಆರೂ ಜನ ಕಿಟಕಿ ಕಡೆ ಮುಖ ಮಾಡಿ, ಗೂಳಿಗೆ ಬೆನ್ನು ಹಾಕಿ ಕೂತಿರ್ತೀವಿ."

ಅಣ್ಣ ಆ ಮಣೆಯನ್ನೇ ನೋಡುತ್ತಾ ನಿಂತ. "ರಬ್ಬರಿಂದು ಹೇಗೆ ಆರಿಸ್ಬೇಕು, ಹೇಳು ಮಾವ" ಅಂದ.

ಆರಿಸುವುದು ಆಮೇಲೆ, ಮೊದಲು ಗಾಳಿ ಎಂದು ಮಾವ ಹೊರಗೆ ನಡೆದ. ಯಂತ್ರದ ಜೊತೆ ಬಂದ ಪುಸ್ತಕ ನನ್ನ ಕೋಣೆಯಲ್ಲೇ ಇತ್ತು, ಯಾರೂ ತೆರೆದಿರಲಿಲ್ಲ. ಅದರಲ್ಲಿ ಹೇಳಿದಷ್ಟು ಗಾಳಿ ತುಂಬಿಸಿದ. ಪಟ್ಟಿ ಇಲ್ಲದಾಗ ಗಾಳಿ ಇಳಿಸುವುದು ಒಂದು ಮಾತು. ಪಟ್ಟಿ ಹಾಕಿದ ಮೇಲೆ ಹಾಗೆ ಮಾಡಿದರೆ ಟಯರು ಕುಗ್ಗಿ ಪಟ್ಟಿ ಸಡಿಲವಾಗಿ ಕಳಚಿಬೀಳುತ್ತದೆ. ಮೆತ್ತಗಿನ ಟಯರಿಗೆ ಅಳತೆ ಕೊಟ್ಟು, ಆಮೇಲೆ ಗಾಳಿ ತುಂಬಿದರೆ ಪಟ್ಟಿ ಬಿಗಿಯಾಗಿ ಚಕ್ರದ ಅಚ್ಚಿಗೆ ಪೆಟ್ಟು.

ನಾನು ಮತ್ತೆ ಅಳೆದೆ, ಈ ಸಲ ನಾಲ್ಕೂ ಚಕ್ರ, ಕೆಸರಿನಲ್ಲಿ ಮಂಡಿಯೂರಿ. ಮೂರು ಕಡೆ ಸಂದು ಸರಿಯಿತ್ತು. ಬಲಬದಿ ಮುಂದಿನ ಚಕ್ರದಲ್ಲಿ ನನ್ನ ಒಂದು ಬೆರಳೂ ಸಲೀಸಾಗಿ ಹೋಗಲಿಲ್ಲ. ಹಿಂದಿನ ವರ್ಷ ಒಡೆದ ಟಯರಿನ ಬದಲಿಗೆ ಸಿಕ್ಕಿದ್ದೊಂದನ್ನು ಹಾಕಿದ್ದರು. ಅಂಕಿಯೇ ಬೇರೆ. ಉಳಿದವುಗಳಿಗಿಂತ ಎತ್ತರ, ದಪ್ಪ.

ಮಾವ ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು. ಒಂದೇ ಪಟ್ಟಿಯೊಳಗೆ ಒಂದು ದೊಡ್ಡ, ಒಂದು ಸಣ್ಣ ಟಯರ್ ಇದ್ದರೆ ಎರಡೂ ಜಗ್ಗಾಡುತ್ತವೆ, ಕೊಂಡಿಯ ಪಿನ್ನು ಮುರಿಯುತ್ತದೆ, ಪಟ್ಟಿ ಯಂತ್ರದ ಮೈಗೆ ಉಜ್ಜುತ್ತದೆ ಎಂದು ಮೆಲ್ಲಗೆ ಹೇಳಿದ. ಎಲ್ಲಿ ಮುರಿಯುತ್ತಿತ್ತು ಎಂದು ನಾನು ಕೇಳಲಿಲ್ಲ. ಭಾರ ಹೆಚ್ಚು ಬೀಳುವುದು ಇಳಿಜಾರಿನಲ್ಲಿ. ಇಳಿಜಾರಿನ ಪಕ್ಕ ಏನಿದೆ ಎಂದು ನಮಗೆಲ್ಲ ಗೊತ್ತು.

ನಾಲ್ಕೂ ಒಂದೇ ಅಳತೆಯ, ಒಂದೇ ಸಮ ಸವೆದ ಟಯರುಗಳಾಗುವವರೆಗೆ, ಸರಿಯಾದ ಪಟ್ಟಿ ಬರುವವರೆಗೆ ಒದ್ದೆ ದಿನ ಗುಂಡಿಗೆ ಇಳಿಯುವುದಿಲ್ಲ ಎಂದು ಅಣ್ಣ ತೋಟದ ಮೇಲ್ವಿಚಾರಕಿಗೆ ಹೇಳಿದ. ಅವರು ಗೊಣಗಿದರು. ಅತ್ತಿಗೆ ಮತ್ತು ಉಳಿದ ಐವರೂ ಹೋಗಿ ಅಣ್ಣನ ಹಿಂದೆ ನಿಂತ ಮೇಲೆ ಒಪ್ಪಿದರು. ಹತ್ತು ದಿನ, ಮಳೆಗೆ ಮೊದಲೇ ತಂದು ರಾಶಿ ಹಾಕಿದ್ದ ಒಣಮಣ್ಣಿನಲ್ಲೇ ಕೆಲಸ ಸಾಗಿತು. ಅಷ್ಟರಲ್ಲಿ ನಾಲ್ಕೂ ಟಯರು ಒಂದೇ ಅಳತೆಯವಾದವು.

ಪಟ್ಟಿ ತರಿಸುವ ಮೊದಲು ನಾನು ಶೆಡ್ಡಿನ ಬಾಗಿಲನ್ನೂ ಅಳೆದೆ. ಪಟ್ಟಿ ಹಾಕಿದರೆ ಗೂಳಿ ಅಗಲವಾಗುತ್ತದಲ್ಲ. ಎರಡು ಬದಿಗೂ ಒಂದೊಂದು ಗೇಣು ಉಳಿಯುತ್ತದೆ ಎಂದು ಬಂತು. ನಂಬಿಕೆಯಾಗದೆ ಮೂರು ಸಲ ಅಳೆದೆ.

ಪಟ್ಟಿ ಹಾಕಿದ ದಿನ ಮಾವ ಇದ್ದ. ಎರಡು ಚಕ್ರಗಳ ನಡುವೆ ಪಟ್ಟಿ ಎಷ್ಟು ಜೋತಿರಬೇಕು ಎಂದು ಅದರ ಜೊತೆ ಬಂದ ಹಾಳೆಯಲ್ಲಿತ್ತು. ಅಷ್ಟಕ್ಕೇ ಬಿಗಿದರು. ಒಂದು ಗಂಟೆ ಕೆಲಸವಾದ ಮೇಲೆ ನಿಲ್ಲಿಸಿ ನೋಡಲು ಮಾವ ಹೇಳಿದ್ದ. ಚೆನ್ನಾಗಿಯೇ ಓಡ್ತಿದೆಯಲ್ಲ ಎಂದು ಅಣ್ಣ ರಾಗ ಎಳೆದ. ನಿಲ್ಲಿಸಿ ನೋಡಿದರೆ ಪಟ್ಟಿ ಆಗಲೇ ಸಡಿಲವಾಗಿತ್ತು. ಮತ್ತೆ ಬಿಗಿದರು. ನಿಂತಲ್ಲೇ ಗರ್ರನೆ ತಿರುಗಿಸುವ ಚಾಳಿಯನ್ನೂ ಅಣ್ಣ ಬಿಟ್ಟ. ಈಗ ಸುತ್ತು ಹಾಕಿ ನಿಧಾನವಾಗಿ ತಿರುಗುತ್ತಾನೆ.

ಅತ್ತಿಗೆ ತನ್ನ ಮಣೆಯನ್ನು ಕಂಬದ ಹಿಂದಕ್ಕೆ, ಬಾಗಿಲಿಗೆ ಮುಖವಾಗಿ ಹಾಕಿಕೊಂಡಳು. ಉಳಿದವರೂ ಹಾಗೇ ಮಾಡಿದರು. "ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ನನ್ನ ಮುಖ ನೋಡ್ತಾ ಕೆಲಸ ಮಾಡ್ತಿದ್ದಾಳೆ" ಎಂದು ಅಣ್ಣ ಛೇಡಿಸಿದ. ನಿಮ್ಮ ಮುಖ ಅಲ್ಲ, ನಿಮ್ಮ ಗೂಳಿಯ ಕಾಲು ನೋಡ್ತಿದ್ದೀನಿ ಎಂದಳು ಅತ್ತಿಗೆ. ಅವತ್ತು ಎಲ್ಲರೂ ನಕ್ಕರು.

ಲೋಡರ್ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಅವರ ಮನೆಯವರೇ, ನಿಮ್ಮಲ್ಲಿ ಒಂದು ಬೇಡಿಕೆ. ಯಾರದೋ ಯಂತ್ರದಿಂದ ಬಿಚ್ಚಿದ ಪಟ್ಟಿಯನ್ನು ಹಾಗೇ ತಂದು ಹಾಕಬೇಡಿ. ನಿಮ್ಮ ಯಂತ್ರ ಯಾವ ಯಾವ ನೆಲದ ಮೇಲೆ ಓಡಾಡುತ್ತದೆ, ಅಲ್ಲಿ ಯಾರು ಕೂತಿರುತ್ತಾರೆ ಎಂದು ಒಮ್ಮೆ ನಡೆದು ನೋಡಿ, ಆಮೇಲೆ ಕಬ್ಬಿಣವೋ ರಬ್ಬರೋ ಹೇಳಿ. ಗಾಳಿ ತುಂಬಿಸಿ, ಆಮೇಲೆ ಅಳೆಯಿರಿ. ನಾಲ್ಕೂ ಚಕ್ರ ಅಳೆಯಿರಿ, ಕೆಸರಿರುವ ಬದಿಯನ್ನೂ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ. ನಾನು ಕೇಳಲು ಹೋದದ್ದು ಹಾರೆಯನ್ನು ಮಾತ್ರ.

ನನಗೆ ಗೊತ್ತಿಲ್ಲದ್ದನ್ನೂ ಹೇಳಿಬಿಡಬೇಕು. ಈ ರಬ್ಬರು ಎಷ್ಟು ಮಳೆಗಾಲ ತಾಳುತ್ತದೆ, ನನಗೆ ಗೊತ್ತಿಲ್ಲ. ಜೋರು ಮಳೆಯಲ್ಲಿ ಆ ಇಳಿಜಾರನ್ನು ಅದು ಹಿಡಿಯುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಅಂಥ ದಿನ ಅಣ್ಣ ಗುಂಡಿಗೆ ಇಳಿಯುವುದೇ ಇಲ್ಲ. ಇನ್ನೊಂದಿದೆ. ಮೊದಲ ಸಲ ಜಾರಿದ ದಿನ ಹಿಂದಿನ ಚಕ್ರ ಹೊಂಡದ ಅಂಚಿನಲ್ಲಿ ನಿಂತಿತಲ್ಲ, ಅಲ್ಲಿ ಕಲ್ಲಿರಲಿಲ್ಲ, ಬೇರಿರಲಿಲ್ಲ. ನಾವು ಹೋಗಿ ನೋಡಿದೆವು. ಅದು ಯಾಕೆ ನಿಂತಿತು ಎಂದು ಅಣ್ಣನಿಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ.