ಶಿಲುಬೆ ಅಕ್ಕನ ಮನೆಗೆ ಬಂದ ಸಂಜೆ

ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬಿತ್ತು. ಚರ್ಚಿನ ಹಳೆಯ ಚಾವಣಿಯಿಂದ ಇಳಿಸಿದ ತೊಲೆಗಳಿಂದ ಬಡಗಿ ಆಳೆತ್ತರದ ಶಿಲುಬೆಯೊಂದನ್ನು ಮಾಡಿಕೊಟ್ಟಿದ್ದ. ಜೂಬಿಲಿ ವರ್ಷದುದ್ದಕ್ಕೂ ಅದು ಮನೆಗೊಂದು ದಿನದಂತೆ ಊರಿಡೀ ಸಾಗಬೇಕು. ಸಂಜೆ ಆ ಮನೆಯವರೇ ಹೊತ್ತು ಪಕ್ಕದ ಮನೆಗೆ ಒಪ್ಪಿಸಬೇಕು. ಅಲ್ಲಿಯ ಹಿರಿಯರು ಹೊಸ್ತಿಲಲ್ಲಿ ನಿಂತು ಬರಮಾಡಿಕೊಳ್ಳಬೇಕು. ಒಂದು ಮನೆಯನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ ಎಂದು ಫಾದರು ಮೊದಲ ಬಲಿಪೂಜೆಯಲ್ಲೇ ಹೇಳಿದ್ದರು. ಜನ ತಲೆಯಾಡಿಸಿದರು. ಚರ್ಚಿನ ಮೆಟ್ಟಿಲಿಳಿಯುವಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕೆಳಗಿನ ಬೀದಿಯ ಆ ಎರಡು ಮನೆಗಳ ಗತಿ ಏನು?

ಒಂದು ಮನೆ ಡ್ರೈವರನದು. ಗೋಡೆಗೆ ಗೋಡೆ ತಾಗಿದ ಇನ್ನೊಂದು, ಅವನ ಸ್ವಂತ ಅಕ್ಕನದು. ಊರಿನ ಬಟ್ಟೆಯೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದುದರಿಂದ ಹೊಲಿಗೆ ಅಕ್ಕ ಅಂತಲೇ ಅವಳ ಹೆಸರು. ಮೂರು ವರ್ಷದ ಹಿಂದೆ ಚರ್ಚಿನ ವ್ಯಾನು ಇಳಿಜಾರಿನ ತಿರುವಿನಲ್ಲಿ ಮರಕ್ಕೆ ಗುದ್ದಿತ್ತು. ಓಡಿಸುತ್ತಿದ್ದವನು ತಮ್ಮ, ಪಕ್ಕದಲ್ಲಿ ಕೂತಿದ್ದವನು ಅವಳ ಗಂಡ, ಅದೇ ವ್ಯಾನಿನ ಮೆಕ್ಯಾನಿಕ್ಕು. ತಮ್ಮ ಹಣೆಗೊಂದು ಗಾಯ ಮಾಡಿಕೊಂಡು ಬದುಕಿದ. ಗಂಡನ ಜೀವ ಆಸ್ಪತ್ರೆಯವರೆಗೂ ಉಳಿಯಲಿಲ್ಲ.

ಬ್ರೇಕು ಹಿಡಿಯಲಿಲ್ಲ ಎಂದು ತಮ್ಮ ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದ. ವ್ಯಾನು ಗುರುತು ಸಿಗದಷ್ಟು ನುಜ್ಜುಗುಜ್ಜಾಗಿತ್ತು, ಯಾರೂ ಕೆದಕಲಿಲ್ಲ. ಆದರೆ ಹಿಂದಿನ ವಾರವಷ್ಟೇ ಬ್ರೇಕು ಬಿಚ್ಚಿ ಜೋಡಿಸಿದ್ದವನು ಸತ್ತವನೇ. ಪಾಪ, ತನ್ನ ಕೈಯಾರೆ ತಾನೇ ಸತ್ತ ಎಂದು ಜನ ಮರುಗಿದರು. ಆ ಮರುಕವನ್ನು ಅವಳಿಗೆ ಸಹಿಸಲಾಗಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ರಿಪೇರಿಯಾದ ಗಾಡಿಯನ್ನು ಇಳಿಜಾರಿನಲ್ಲಿ ಓಡಿಸಿ ನೋಡದೆ ಯಾರ ಕೈಗೂ ಕೊಡದ ಮನುಷ್ಯ ಅವಳ ಗಂಡ. ಅವಳು ತಮ್ಮನ ಜೊತೆ ಮಾತು ಬಿಟ್ಟಳು. ಅವಳ ಜೊತೆಗಿದ್ದ ಮುದುಕಿ ತಾಯಿ ಆಗಾಗ ಗೊಣಗುವುದಿತ್ತು: "ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಿಮ್ಮಿಬ್ಬರ ನಡುವಿನ ಗೋಡೆಗೆ ಕೇಳಿಸ್ಕೊಳ್ಳೋಕೆ ಏನೂ ಇಲ್ವಲ್ಲೇ."

ಶಿಲುಬೆ ಕೆಳಗಿನ ಬೀದಿಗೆ ತಿರುಗಿದ ವಾರ ಫಾದರು ಅವಳ ಮನೆಗೆ ಬಂದರು. ಅಂಗಿಯೊಂದರ ಕಾಲರು ತಿರುವಿ ಹಾಕುತ್ತಿದ್ದವಳು ಎದ್ದು ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. ತಮ್ಮನ ಮನೆಯಿಂದ ಶಿಲುಬೆಯನ್ನು ತಾವೇ ಹೊತ್ತು ತರುವುದಾಗಿ ಫಾದರು ಹೇಳಿದರು. ಬೇಕಿದ್ದರೆ ಬೀದಿಯ ಆ ತುದಿಯಿಂದ ಶುರು ಮಾಡಿ ಸರದಿ ಬದಲಿಸಬಹುದು ಎಂದರು. ಅವಳು ಎರಡಕ್ಕೂ ಒಪ್ಪಲಿಲ್ಲ. ಎಲ್ಲರ ಮನೆಗೂ ಹೇಗೆ ಬಂತೋ ತನ್ನ ಮನೆಗೂ ಹಾಗೇ ಬರಲಿ ಅಂದಳು. ಬಂದರೆ ಬಾಗಿಲು ತೆಗೆಯುತ್ತೀಯಾ ಎಂದು ಕೇಳುವ ಧೈರ್ಯ ಫಾದರಿಗೆ ಬರಲಿಲ್ಲ.

ಶಿಲುಬೆ ಅವಳ ಮನೆಗೆ ಬರಬೇಕಿದ್ದ ಸಂಜೆ ಊರಿಗೆ ಊರೇ ಕೆಳಗಿನ ಬೀದಿಯಲ್ಲಿ ನೆರೆದಿತ್ತು. ಭಕ್ತಿಗೆ ಬಂದವರೆಷ್ಟೋ, ತಮಾಷೆ ನೋಡಲು ಬಂದವರೆಷ್ಟೋ ದೇವರಿಗೇ ಗೊತ್ತು. ಹೆಂಗಸರು ಜಪಸರ ಹಿಡಿದು ಪ್ರಾರ್ಥನೆ ಹೇಳುತ್ತಿದ್ದರು. ಡ್ರೈವರು ಶಿಲುಬೆಯನ್ನು ಹೆಗಲಿಗೇರಿಸಿ ಹೊರಬಂದ. ಇಸ್ತ್ರಿ ಮಾಡಿದ ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು. ಅಕ್ಕನ ಅಂಗಳ ತಲುಪುವುದಕ್ಕೆ ಎಷ್ಟು ಹೊತ್ತು? ಆದರೂ ದಾರಿ ಮುಗಿಯದೇನೋ ಎಂಬಂತೆ ನಡೆದ.

ಬಾಗಿಲು ಮುಚ್ಚಿತ್ತು.

ಹಾಡು ಮುಗಿಯಿತು. ಗಾಯನವೃಂದದವರು ಒಬ್ಬರ ಮುಖ ಒಬ್ಬರು ನೋಡಿ ಅದನ್ನೇ ಮೊದಲಿನಿಂದ ಎತ್ತಿಕೊಂಡರು. ಭಾರಕ್ಕೆ ಡ್ರೈವರು ಮುಂದಕ್ಕೆ ಬಾಗತೊಡಗಿದ. ಒಳಗೆ ಮುದುಕಿ ಏನೋ ಅನ್ನುತ್ತಿದ್ದುದು ಕೇಳಿತು. ಕೊನೆಗೆ ಅಗುಳಿ ಸರಿದು ಹೊಲಿಗೆ ಅಕ್ಕ ಹೊರಬಂದಳು. ಕೈ ಮುಗಿದು ಶಿಲುಬೆಗೆ ತಲೆಬಾಗಿದಳು. ಹಿಡಿದುಕೊಳ್ಳಲು ಮಾತ್ರ ಕೈ ಚಾಚಲಿಲ್ಲ. ಹಾಡು ತಾನಾಗಿಯೇ ನಿಂತಿತು. ಡ್ರೈವರು ಇನ್ನು ಬಿದ್ದೇಬಿಡುತ್ತಾನೆ ಅನ್ನಿಸಿ ಬಡಗಿ ಆಸರೆ ಕೊಡಲು ಮುಂದೆ ಬಂದ.

"ಬೇಡಪ್ಪ," ಅಂದಳು ಅವಳು. "ಅವನೇ ಹಿಡ್ಕೊಂಡಿರ್ಲಿ."

ಆಮೇಲೆ ತಮ್ಮನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. ಆದರೂ ಬೇಲಿಯಾಚೆ ನಿಂತವರಿಗೂ ಕೇಳಿಸಿತು.

"ಒಂದೇ ಮಾತು ಕೇಳ್ತೀನಿ. ಬ್ರೇಕು ಹೋಗಿತ್ತಾ?"

ಅವನು ಫಾದರನ್ನು ನೋಡಿದ. ಫಾದರು ನೆಲ ನೋಡುತ್ತಿದ್ದರು. ಹೋಗಿತ್ತು ಅಂದರೆ ಅಲ್ಲಿಗೆ ಮುಗಿಯಿತು; ಕೆಲಸ, ಮರ್ಯಾದೆ ಎಲ್ಲ ಉಳಿಯುತ್ತದೆ.

"ಇಲ್ಲ ಅಕ್ಕ. ಬ್ರೇಕು ಸರಿ ಇತ್ತು."

ಅವನು ಹೆಗಲಿನಿಂದ ಜಾರುತ್ತಿದ್ದ ಶಿಲುಬೆಯನ್ನು ಮೇಲಕ್ಕೆ ಸರಿಸಿಕೊಂಡ.

"ನಿದ್ದೆ ಬಂತು ನಂಗೆ. ಭಾವ ಎರಡು ಸಲ ಹೇಳಿದ್ರು, ಗಾಡಿ ನಿಲ್ಸು, ಮುಖ ತೊಳ್ಕೋ ಅಂತ. ಮನೆ ಹತ್ರಾನೇ ಬಂತಲ್ಲ ಅಂದೆ. ಕೊನೆಗೆ ಸ್ಟೇರಿಂಗು ಎಳೆದಿದ್ದು ಅವರೇ. ನನ್ನ ಕಡೆ ಹೊಡೀಬೇಕಾಗಿದ್ದ ಮರ ಅವರ ಕಡೆ ಹೊಡೀತು."

ಈ ಕೊನೆಯ ಮಾತನ್ನು ಅವಳು ಎಣಿಸಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಂಡನ ಹೆಸರಿಗೆ ಅಂಟಿದ್ದ ಕಳಂಕ ತೊಳೆದುಹೋದರೆ ಸಾಕು ಎಂದು ಮೂರು ವರ್ಷ ಕಾದಿದ್ದಳು. ತೊಳೆದುಹೋದಾಗ ಸಮಾಧಾನ ಬರಲಿಲ್ಲ. ತಮ್ಮನ ಪ್ರಾಣ ಉಳಿಸಿದ್ದು ಗಂಡನ ಕೈ ಎಂಬುದು ಎದೆಗೆ ಬಡಿಯಿತು. ತಮ್ಮನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನ ಹೆಗಲಿನ ಅಂಗಿ ಹರಿದು ಚರ್ಮ ಕೆಂಪಾದದ್ದೂ ಕಂಡಿತು.

"ಪೊಲೀಸರ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ಶಿಲುಬೆಯ ಬುಡಕ್ಕೆ ಕೈ ಹಾಕಿದಳು. ಒಬ್ಬಳಿಂದ ಏಳಲಿಲ್ಲ. ಬಡಗಿಯೂ ಫಾದರೂ ಕೈಜೋಡಿಸಿ ಅದನ್ನು ಒಳಗೆ ತಂದು ಹೊಲಿಗೆ ಯಂತ್ರದ ಪಕ್ಕ ನಿಲ್ಲಿಸಿದರು. ಪ್ರಾರ್ಥನೆ ನಡೆಯಿತು. ಡ್ರೈವರು ಅಂಗಳದಲ್ಲೇ ಮೊಣಕಾಲೂರಿದ್ದ. ಒಳಗೆ ಬಾ ಅಂತ ಅವಳು ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದರು. ಯಾರಿಗೂ ಪಾಪ ಅನ್ನಲು ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಫಾದರನ್ನು ಕರೆದುಕೊಂಡು ಠಾಣೆಗೆ ಹೋದ. ಹಳೆಯ ಹೇಳಿಕೆ ಸುಳ್ಳೆಂದು ಬರೆದುಕೊಟ್ಟ. ಪೊಲೀಸರು ಲೈಸೆನ್ಸು ಇಟ್ಟುಕೊಂಡು, ಕರೆದಾಗ ಬರಬೇಕು, ಮುಂದಿನದು ಕೋರ್ಟು ನೋಡುತ್ತದೆ ಎಂದು ಹೇಳಿ ಕಳಿಸಿದರು.

ಅಂದು ಸಂಜೆ ಶಿಲುಬೆ ಹೊಲಿಗೆ ಅಕ್ಕನ ಮನೆಯಿಂದ ಮುಂದಿನ ಮನೆಗೆ ಹೋಗಬೇಕಿತ್ತು. ಹೊರಲು ಮನೆಯಲ್ಲಿ ಗಂಡಸರಿಲ್ಲ. ಬಡಗಿ ಬರುತ್ತೇನೆಂದಿದ್ದ, ಇನ್ನೂ ಬಂದಿರಲಿಲ್ಲ. ಅವಳು ಅಡ್ಡತೋಳನ್ನು ಹೆಗಲಿಗೆ ಕೊಟ್ಟು ಎತ್ತಿ, ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ಎಳೆದು ಬರುತ್ತಿದ್ದ ಬುಡ ಸಿಕ್ಕಿಕೊಂಡು ನಿಂತಳು. ಆಗಲೇ ಬಂದು ಅಂಗಳದ ಮೂಲೆಯಲ್ಲಿ ನಿಂತಿದ್ದ ತಮ್ಮ ಒಳಗೆ ಹೋಗಿ ಬುಡ ಎತ್ತಿಕೊಂಡ. ಅವಳು ಹಿಂದಿರುಗಿ ನೋಡಲಿಲ್ಲ, ಬೇಡ ಅನ್ನಲೂ ಇಲ್ಲ. ಇಬ್ಬರೂ ಮೆಟ್ಟಿಲಿಳಿದರು. ಜಲ್ಲಿ ಹರಡಿದ ದಾರಿಗೆ ಬಂದಾಗ ಅವಳು ನಡಿಗೆ ತಗ್ಗಿಸಿದಳು.

"ನಿಧಾನ," ಅಂದಳು. "ಕಲ್ಲಿದೆ."