ಮಗ್ಗದ ಮನೆಯ ಕಿವಿ ಮಷೀನು

ನಾನು ಒಂದು ಕಿವಿ ಮಷೀನು. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ನನ್ನ ಮೆತ್ತನೆಯ ಅಚ್ಚನ್ನು ಮಾಡಿದ್ದು ಮಾತ್ರ ಬನಹಟ್ಟಿಯ ದಾಕ್ಷಿಯ ಕಿವಿಯ ಅಳತೆಗೆ. ಅವಳಿಗಾಗ ಮೂರು ವರ್ಷ. ಹುಟ್ಟು ಕಿವುಡು. ಅಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅಂತೀರಾ? ಮನೆ ತುಂಬ ಪವರ್‌ಲೂಮು. ಆ ಖಟಖಟದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನೀರು ಬೇಕೆಂದರೆ ಹೆಬ್ಬೆರಳು ಬಾಯಿಗೆ. ಎಲ್ಲ ಕೈಸನ್ನೆ, ತುಟಿಯಾಟ. ಕೂಸೂ ಅದನ್ನೇ ಕಲಿಯಿತು. ಜಾಣೆ ಅಂತ ಮುದ್ದು ಮಾಡಿದರು.

ಅವ್ವ ನೀಲವ್ವ ನನ್ನನ್ನು ಕೂಸಿಗೆ ಹಾಕಿದ ದಿನವೇ ಎಡವಟ್ಟಾಯಿತು. ನಾನೊಬ್ಬ ದಡ್ಡ. ಮಾತು ಯಾವುದು, ಗದ್ದಲ ಯಾವುದು ಆರಿಸಲು ಬಾರದು. ಮಗ್ಗದ ಸದ್ದನ್ನೆಲ್ಲ ದೊಡ್ಡದು ಮಾಡಿ ಒಳಗೆ ಸುರಿದೆ. ಕೂಸು ಕಿರುಚಿ ಅತ್ತಿತು. "ಸಾಕ ಬಿಡವಾ ನೀಲವ್ವಾ, ಕೂಸಿಗೆ ಯಾಕ ತ್ರಾಸ ಕೊಡ್ತಿ" ಎಂದು ಅಜ್ಜಿ ತಿಪ್ಪವ್ವ ನನ್ನನ್ನು ತೆಗೆದು ಗೋಡೆಯಲ್ಲಿನ ದೇವರ ಮಾಡದಲ್ಲಿಟ್ಟಳು. ದಿನಾ ಮಗ್ಗ ನಿಲ್ಲುವ ಹೊತ್ತಿಗೆ ದಾಕ್ಷಿಗೆ ನಿದ್ದೆ. ಆರು ತಿಂಗಳು ಅಲ್ಲೇ ಧೂಳು ತಿಂದೆ. ಸಿಟ್ಟು ಬಂದರೂ ಯಾರ ಮೇಲೆ ತೋರಿಸಲಿ, ಪ್ರೀತಿಯಿಂದ ಮಾಡಿದ್ದಲ್ಲವೇ!

ತಪಾಸಣೆಗೆ ಹೋದಾಗ ಆಸ್ಪತ್ರೆಯ ಮೇಡಂ ನನ್ನನ್ನು ಹಾಕಿ, ಬಾಯಿಗೆ ರಟ್ಟು ಅಡ್ಡ ಹಿಡಿದು ಕರೆದರು. ದಾಕ್ಷಿ ತಿರುಗಲಿಲ್ಲ.

"ಕಿವಿ ಬರೇ ಬಾಗಿಲಾ, ನೀಲವ್ವ. ಕೇಳೋದು ಮಿದುಳು. ಸಪ್ಪಳ ನರದ ಗುಂಟ ಒಳಗ ಹೋಗ್ತದ. ಇದು ಗದ್ದಲ, ಇದು ನಮ್ಮವ್ವನ ದನಿ ಅಂತ ಮಿದುಳು ಆರಿಸಬೇಕು. ದಿನಾ ಕೇಳಿದ್ರನ ಆ ದಾರಿ ಬೀಳ್ತದ. ಖಾಲಿ ಬಿಟ್ರ ಆ ಜಾಗಾ ಕಣ್ಣಿನ ಪಾಲಾಗ್ತದ."

"ಇನ್ನ ದಾರಿ ಬೀಳ್ತದೇನ್ರೀ?"

"ತಡಾ ಆಗೇದ. ಇವತ್ತಿಂದನ ಶುರು ಮಾಡ್ರಿ. ತುಟಿ ತೋರಿಸಬ್ಯಾಡ್ರಿ, ಕಿವೀಲೆ ಕೇಳಲಿ."

ನೀಲವ್ವ ಮಧ್ಯಾಹ್ನ ಎರಡು ತಾಸು ಮಗ್ಗ ನಿಲ್ಲಿಸಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮಗಳ ಬೆನ್ನ ಹಿಂದೆ ಕೂತು "ದಾಕ್ಷೀ" ಎನ್ನುವಳು. ದಾಕ್ಷಿ ನೂಲು ಸುತ್ತುವ ಖಾಲಿ ಕಂಡಿಕೆ ಉರುಳಿಸುತ್ತ ಕೂತಿರುವಳು. ಒಂದು ಕೂಗನ್ನೂ ನಾನು ಚೆಲ್ಲಲಿಲ್ಲ, ಬಾಗಿಲಿನತನಕ ಮುಟ್ಟಿಸಿದೆ. ಒಳಗೆ ಇಸಿದುಕೊಳ್ಳುವವರು ಇದ್ದರೋ ಇಲ್ಲವೋ. ಹೀಗೆ ನಾಲ್ಕು ತಿಂಗಳು.

ಒಂದು ದಿನ ನೀಲವ್ವ ಕರೆದು ಕರೆದು ಸೋತಳು. "ನನ್ನ ಕೂಸಿನ ದಾರಿ ನಾನಽ ಮುಚ್ಚಿದೆ" ಎಂದು ಸೆರಗು ಬಾಯಲ್ಲಿಟ್ಟು ಬಿಕ್ಕಿದಳು. ಕಂಡಿಕೆ ನಿಂತಿತು. ದಾಕ್ಷಿ ತಿರುಗಿದಳು. ಎದ್ದು ಬಂದು ಸೆರಗು ಸರಿಸಿ ಅವ್ವನ ತುಟಿ ನೋಡಿದಳು. ನೀಲವ್ವ ಮತ್ತೆ ಬಾಯಿ ಮರೆಮಾಡಿಕೊಂಡು, ಅಳು ನಿಲ್ಲಿಸಿ ಎಂದಿನ ದನಿಯಲ್ಲಿ ಹೆಸರು ಕರೆದಳು. ಹುಡುಗಿ ಕಂಡಿಕೆಯ ಹತ್ತಿರ ಹೋಗಿಬಿಟ್ಟಳು.

ಬೆವರು ಕುಡಿದು ನಾನು ಕೆಟ್ಟೆ. ಈಗ ಅವಳ ಕಿವಿಗೆ ಹೊಸ ಮಷೀನು. ನನಗೆ ಮತ್ತೆ ಅದೇ ಮಾಡ. ಬ್ಯಾಟರಿಯಿಲ್ಲದ ನನಗೆ ಏನೂ ಕೇಳಿಸದು, ಕಾಣುವುದಷ್ಟೇ. ಮಧ್ಯಾಹ್ನ ಮಗ್ಗ ನಿಲ್ಲುತ್ತದೆ. ದಾಕ್ಷಿ ತಿರುಗಿ ನೋಡುವುದು ಇನ್ನೂ ಅಳುವಿಗೆ ಮಾತ್ರ. ಅದಕ್ಕೇ ನೀಲವ್ವ ದಿನಾ ಅಳುತ್ತಲೇ ಮಗಳ ಹೆಸರು ಕರೆಯುತ್ತಾಳೆ.