ಬಾಯಿ ಬಿಡದ ಮಷೀನು

ಮೂರು ವಾರದಲ್ಲಿ ಮೂರು ಸಲ ಆ ರಿಪೇರಿಯವರ ತಿದ್ದುಪಡಿಯನ್ನು ನಾನು ವಾಪಸ್ ಕಳಿಸಿದ್ದೆ. ಮೊದಲ ಸಲ ತಲೆಬರಹ ನಮ್ಮ ಪದ್ಧತಿಯಂತಿರಲಿಲ್ಲ. ಎರಡನೇ ಸಲ ಸಾಲು ಉದ್ದವಾಗಿತ್ತು. ಮೂರನೇ ಸಲ ಎರಡು ಖಾಲಿ ಜಾಗ ಬಿಡಬೇಕಾದ ಕಡೆ ಮೂರು ಬಿಟ್ಟಿದ್ದರು. ಆಫೀಸಿನಲ್ಲಿ ಬೆನ್ನ ಹಿಂದೆ ನನ್ನನ್ನು ಹೆಡ್‌ಮಿಸ್ ಎನ್ನುತ್ತಾರೆ. ನನಗದು ಗೊತ್ತು, ಬೇಜಾರೇನಿಲ್ಲ.

ನನ್ನ ಕೆಲಸವೇ ಅಂಥದ್ದು. ಕರ್ನಲ್ ಎಂದರೆ ಎಲ್ಲ ಪ್ರೋಗ್ರಾಮುಗಳ ಕೆಳಗೆ ಕೂತು ಯಂತ್ರವನ್ನು ನಡೆಸುವ ತಂತ್ರಾಂಶ. ಅದಕ್ಕೆ ಕಣ್ಣಿಲ್ಲ. ಬೋರ್ಡಿನ ಮೇಲೆ ಯಾವ ಚಿಪ್ ಇದೆ, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ಬರೆದುಕೊಡಬೇಕು. ಆ ವಿವರಣೆ ಹೇಗಿರಬೇಕೆಂಬ ನಿಯಮ ಬರೆಯುವವಳು, ಬಂದದ್ದನ್ನು ಪರೀಕ್ಷಿಸುವವಳು ನಾನು. ಪ್ರತಿ ನಿಯಮದ ಕೊನೆಗೆ ಒಂದು ಉದಾಹರಣೆ ಇರುತ್ತದೆ. ನಿಯಮವನ್ನು ಯಾರೂ ಓದುವುದಿಲ್ಲ, ಉದಾಹರಣೆಯನ್ನು ಎಲ್ಲರೂ ನಕಲು ಮಾಡುತ್ತಾರೆ.

ರಿಪೇರಿಯವರು ಯಾವುದೋ ಆಸ್ಪತ್ರೆಯಲ್ಲಿ ಮಷೀನುಗಳನ್ನು ನೋಡಿಕೊಳ್ಳುವವರು. ಮುಖ ನೋಡಿದವಳಲ್ಲ, ಪತ್ರದಲ್ಲಷ್ಟೇ ಪರಿಚಯ. ಗಾಳಿಯ ಒತ್ತಡ ಅಳೆಯುವ ಒಂದು ಚಿಪ್ಪಿಗೆ ಆರು ವರ್ಷದ ಹಿಂದೆ ನಾನು ಬರೆದ ಉದಾಹರಣೆಯಲ್ಲಿ ಅವರು ಬದಲಿಸಲು ಹೊರಟಿದ್ದು ಒಂದೇ ಪದ. ಎಚ್ಚರಿಕೆಯ ತಂತಿಯಲ್ಲಿ ವೋಲ್ಟೇಜು ಏರಿದಾಗ ಕರ್ನಲನ್ನು ಎಬ್ಬಿಸು ಎಂದು ನಾನು ಬರೆದಿದ್ದೆ. ಇಳಿದಾಗ ಎಬ್ಬಿಸು ಎಂದು ಅವರು ತಿದ್ದಿದ್ದರು. ನಮ್ಮ ಪರೀಕ್ಷಾ ಪ್ರೋಗ್ರಾಮು ಎರಡಕ್ಕೂ ಹಸಿರು ತೋರಿಸುತ್ತದೆ. ಬರೆದ ರೀತಿ ಸರಿಯಿದೆಯೇ ಎಂದು ನೋಡುವುದಷ್ಟೇ ಅದಕ್ಕೆ ಗೊತ್ತು, ಬರೆದದ್ದು ನಿಜವೇ ಎಂದಲ್ಲ.

ಮಧ್ಯಾಹ್ನ ಎರಡಕ್ಕೆ ನಾಲ್ಕನೇ ಪತ್ರ ಬಂತು. ಈ ಸಲ ಬೆರಳಿಟ್ಟು ತೋರಿಸಲು ಒಂದು ತಪ್ಪೂ ನನಗೆ ಕಾಣಲಿಲ್ಲ. ಬದಲಾವಣೆಗೆ ಕಾರಣ ಬರೆಯಿರಿ ಎಂದು ನಾನೇ ಗದರಿಸಿದ್ದರಿಂದ ಕೆಳಗೆ ಕಾರಣವನ್ನೂ ಬರೆದಿದ್ದರು.

"ಮೇಡಂ, ಮೀಟರ್ ಇಟ್ಟು ಅಳೆದಿದ್ದೀನಿ. ಒತ್ತಡ ಇರೋವರೆಗೆ ವೋಲ್ಟೇಜು ಮೇಲಿರುತ್ತೆ, ಕೊಳವೆ ಕಳಚಿದ್ರೆ ಬೀಳುತ್ತೆ. ನಿಮ್ಮ ಉದಾಹರಣೇನ ಹಾಗೇ ಹಾಕಿರೋ ಉಸಿರಾಟದ ಮಷೀನು ನಮ್ಮ ವಾರ್ಡಲ್ಲಿ ಹನ್ನೊಂದಿವೆ. ಕೊಳವೆ ಕಳಚಿದ್ರೆ ಒಂದೂ ಕೂಗಲ್ಲ. ಮತ್ತೆ ಸಿಕ್ಕಿಸಿದಾಗ ಎದ್ದು ನೋಡುತ್ತೆ, ಆಗ ಎಲ್ಲಾ ಸರಿಯಾಗಿರುತ್ತೆ."

ಕೊನೆಯಲ್ಲಿ ಮಷೀನಿನ ಮಾದರಿಯ ಸಂಖ್ಯೆಯಿತ್ತು. ಅದನ್ನು ಎರಡು ಸಲ ಓದಿದೆ. ಏಳು ತಿಂಗಳ ಹಿಂದೆ ಅಪ್ಪನಿಗೆಂದು ನಾನೇ ಆರಿಸಿ ತಂದ ಮಷೀನು ಅದು. ಒಳಗೆ ನಮ್ಮದೇ ಕರ್ನಲ್ ಇದೆಯೆಂದು ಜಂಬ ಬೇರೆ ಕೊಚ್ಚಿಕೊಂಡಿದ್ದೆ. ನಿದ್ದೆಯಲ್ಲಿ ಅಪ್ಪನ ಉಸಿರು ತಾನಾಗಿ ನೆಟ್ಟಗೆ ನಡೆಯುವುದಿಲ್ಲ.

ಚಿಪ್ಪಿನ ಕೈಪಿಡಿ ತೆಗೆದೆ. ರಿಪೇರಿಯವರು ಹೇಳಿದ್ದೇ ನಿಜ. ನನ್ನ ಹಳೆಯ ದಾಖಲೆಯನ್ನೂ ತೆಗೆದೆ. ಅದೇ ತಯಾರಕರ ಇನ್ನೊಂದು ಚಿಪ್ಪಿನ ಉದಾಹರಣೆಯನ್ನು ಎತ್ತಿಕೊಂಡು ಹೆಸರನ್ನಷ್ಟೇ ಬದಲಿಸಿದ್ದೆ. ನಕಲು ಮಾಡುವವರನ್ನು ಕಂಡರೆ ಉರಿದುಬೀಳುವ ನಾನು.

ತಂಗಿಗೆ ಫೋನ್ ಮಾಡಿದೆ.

"ಎಲ್ಲಿದ್ದೀಯ?"

"ಔಷಧಿ ಅಂಗಡೀಲಿ. ಯಾಕಕ್ಕ?"

"ಅಪ್ಪನ ಹತ್ರ ಯಾರಿದ್ದಾರೆ?"

"ಊಟ ಮಾಡಿ ಮಲಗಿದ್ದಾರೆ. ಮಷೀನ್ ಹಾಕೇ ಬಂದಿದ್ದೀನಿ. ಏನಾದ್ರೂ ಆದ್ರೆ ಕೂಗುತ್ತಲ್ಲ, ಪಕ್ಕದ ಮನೆಯವರಿಗೆ ಹೇಳಿದ್ದೀನಿ."

"ಅದು ಕೂಗಲ್ಲ ಕಣೇ. ಓಡು."

ನಾನೂ ಓಡಿದೆ. ಆಫೀಸಿನಿಂದ ಮನೆಗೆ ನಾಲ್ಕು ಬೀದಿ. ಲಿಫ್ಟು ಮೇಲೆಲ್ಲೋ ನಿಂತಿತ್ತು, ಮೂರು ಮಹಡಿ ಹತ್ತಿದೆ. ಬೀಗ ತೆಗೆಯತೊಡಗಿದೆ. ಒಳಗಿನಿಂದ ಮಷೀನಿನ ಗುಂಯ್ ಸದ್ದು ಕೇಳಿಸುತ್ತಿತ್ತು. ಅದನ್ನು ಕೇಳಿ ಧೈರ್ಯ ತಂದುಕೊಳ್ಳುವ ಹಾಗಿರಲಿಲ್ಲ. ಕೊಳವೆ ಕಳಚಿದರೂ ಅದು ಗುಂಯ್ ಎನ್ನುತ್ತಲೇ ಇರುತ್ತದೆ.

ಅಪ್ಪ ಮಗ್ಗುಲಾಗಿ ಮಲಗಿದ್ದರು. ಕೊಳವೆ ಮೊಣಕೈ ಕೆಳಗೆ ಸಿಕ್ಕಿ ಬಿಗಿದುಕೊಂಡಿತ್ತು, ಕಳಚಿರಲಿಲ್ಲ. ಎದೆ ಏರಿತು, ಇಳಿಯಿತು, ಮತ್ತೆ ಏರಿತು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. ಅಳು ತಡೆಯಲಾಗಲಿಲ್ಲ. ತಂಗಿ ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲೇ ನಿಂತಳು.

ಸದ್ದಿಗೆ ಅಪ್ಪನಿಗೆ ಎಚ್ಚರವಾಯಿತು. ಮಾತಾಡಲೆಂದು ಮಾಸ್ಕ್ ತೆಗೆದು ಎದೆಯ ಮೇಲಿಟ್ಟುಕೊಂಡರು. ಕೊಳವೆ ಕಳಚಿದಂತೆಯೇ ಇದೂ, ಹತ್ತು ಸೆಕೆಂಡಿನೊಳಗೆ ಮಷೀನು ಕೂಗಬೇಕು. ನಾನು ಎಣಿಸತೊಡಗಿದೆ.

"ಏನೇ, ಇಷ್ಟು ಬೇಗ ಬಂದ್ಬಿಟ್ಟೆ?"

ಹದಿನೈದು. ಇಪ್ಪತ್ತು. ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು.

"ಏನು ಎಣಿಸ್ತಿದ್ದೀಯ?"

"ಮಷೀನ್ ಕೂಗುತ್ತಾ ಅಂತ ನೋಡ್ತಿದ್ದೀನಪ್ಪ."

"ಅದು ಯಾವತ್ತು ಕೂಗಿದೆ? ಆಸ್ಪತ್ರೇಲಿ ಕೊಟ್ಟಿದ್ದು ಮಾಸ್ಕ್ ಜಾರಿದ್ರೆ ಸಾಕು, ಬಾಯಿ ಬಡ್ಕೊಳ್ತಿತ್ತು. ಇದು ನನ್ನ ಮಗಳು ಆರಿಸಿದ್ದು, ಬಾಯೇ ಬಿಡಲ್ಲ ಅಂತ ಬಂದೋರಿಗೆಲ್ಲ ಹೇಳ್ತೀನಿ."

ನಲವತ್ತಕ್ಕೆ ಎಣಿಸುವುದನ್ನು ನಿಲ್ಲಿಸಿದೆ.

ಅಲ್ಲೇ ನೆಲದ ಮೇಲೆ ಲ್ಯಾಪ್‌ಟಾಪ್ ತೆರೆದು ತಿದ್ದುಪಡಿಯನ್ನು ಒಪ್ಪಿಕೊಂಡೆ. ತಪ್ಪು ಯಾರ ದಾಖಲೆಯಿಂದ ಬಂತೆಂದು ಒಂದು ಸಾಲು ಸೇರಿಸುವುದು ನಮ್ಮಲ್ಲಿ ಪದ್ಧತಿ. ರಿಪೇರಿಯವರು ಅದನ್ನು ಬಿಟ್ಟಿದ್ದರು. ಅದೊಂದನ್ನು ಮಾತ್ರ ನಾನು ಎತ್ತಿ ತೋರಿಸಿರಲಿಲ್ಲ. ಈಗ ಆ ಸಾಲನ್ನು ಸೇರಿಸಿ ನನ್ನ ಹೆಸರು ಬರೆದೆ. ಆಮೇಲೆ ಅವರಿಗೆ ಬೇರೆಯಾಗಿ ಪತ್ರ ಬರೆದು ಕ್ಷಮೆ ಕೇಳಿದೆ, ವಾರ್ಡಿನಲ್ಲಿ ಎಲ್ಲರೂ ಹೇಗಿದ್ದಾರೆಂದು ವಿಚಾರಿಸಿದೆ.

"ಎಲ್ಲರೂ ಚೆನ್ನಾಗಿದ್ದಾರೆ ಮೇಡಂ," ಎಂದು ಉತ್ತರ ಬಂತು. "ನೀವು ಒಪ್ಪೋವರೆಗೆ ಮಷೀನು ಮಾಡಿದೋರು ಏನೂ ಬದಲಾಯಿಸಲ್ಲ ಅಂದ್ರು. ಅದಕ್ಕೇ ಮೂರು ವಾರ ವಾರ್ಡಲ್ಲಿ ಕುರ್ಚಿ ಹಾಕ್ಕೊಂಡು ಹನ್ನೊಂದು ಜನರ ಎದೆ ನೋಡ್ತಾ ಕೂತ್ಕೊಂಡ್ವಿ. ಹೆಚ್ಚಾಗಿ ನಾನೇ. ನೀವು ಹೇಳಿದ ಖಾಲಿ ಜಾಗ ಎಣಿಸಿದ್ದೂ ಅಲ್ಲೇ ಕೂತು."



ಆಮೇಲೆ ಒಂಬತ್ತು ದಿನ ನಾನೂ ತಂಗಿಯೂ ಸರದಿಯ ಮೇಲೆ ಅಪ್ಪನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತೆವು. ಒಂದೇ ಎದೆ. ಎರಡನೇ ದಿನಕ್ಕೇ ಕಣ್ಣು ಉರಿಯತೊಡಗಿತ್ತು.

ಹತ್ತನೇ ದಿನ ತಯಾರಕರ ಕಡೆಯವರು ಬಂದು ಹೊಸ ತಂತ್ರಾಂಶ ಹಾಕಿ ಹೋದರು. ಅಪ್ಪ ಮಾಸ್ಕ್ ತೆಗೆದರು. ಎಂಟನೇ ಸೆಕೆಂಡಿಗೆ ಮಷೀನು ಮನೆ ಹಾರಿಹೋಗುವ ಹಾಗೆ ಕಿರುಚಿತು. ಅಪ್ಪ ಗಡಬಡಿಸಿ ಮಾಸ್ಕ್ ಹಾಕಿಕೊಂಡರು. ಸದ್ದು ನಿಂತ ಮೇಲೆ ಅದನ್ನು ಸ್ವಲ್ಪ ಸರಿಸಿ ನನ್ನನ್ನು ದುರುಗುಟ್ಟಿ ನೋಡಿದರು.

"ಚೆನ್ನಾಗಿತ್ತು ಮಷೀನು. ಕೆಡಿಸಿಬಿಟ್ಟೆಯಲ್ಲೇ."

"ಹೂಂ ಅಪ್ಪ," ಎಂದೆ. "ಇನ್ನೊಂದು ಸಲ ತೆಗೀರಿ."